ಭಾವನ ಕಂಪ್ಯೂಟರಿಗೆ ಮೂರು ಫೇಸು

ನಮ್ಮ ಭಾವನವರು ದೇವರನ್ನು ಪೂರ್ತಿ ನಂಬುತ್ತಾರೆ, ಪೂಜಾರಿಯನ್ನು ಅರ್ಧ ನಂಬುತ್ತಾರೆ, ತೀರ್ಥವನ್ನು ಮಾತ್ರ ಮೂಸಿ ನೋಡದೆ ಕುಡಿಯುವುದಿಲ್ಲ! ಹಾಲುರಾಮೇಶ್ವರಕ್ಕೆ ಒಮ್ಮೆ ಎಲ್ಲರೂ ಹೋಗಿದ್ದೆವು. ಭಾವ ಅಂಗೈಯಲ್ಲಿ ತೀರ್ಥ ಹಿಡಿದು ಮೂಗಿನ ಹತ್ತಿರ ತಂದರು. ಪೂಜಾರಪ್ಪನಿಗೆ ಗಾಬರಿ.

"ಯಾಕ್ರಿ ಯಜಮಾನ್ರೇ, ಏನಾರ ಬಿದ್ದೈತಾ?"

ಭಾವ ಕಣ್ಣು ಮುಚ್ಚಿಕೊಂಡು, ಬಲು ಭಕ್ತಿಯಿಂದ ಹೇಳಿದರು: "ಬಿದ್ದಿಲ್ಲ ಅಂತ ಖಾತ್ರಿ ಮಾಡ್ಕಂತಿದೀನಿ ಸ್ವಾಮಿ."

ಭಾವ ಅಂದರೆ ನನ್ನ ಅಕ್ಕನ ಗಂಡ. ಹೊಸದುರ್ಗದಲ್ಲಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶ, ಯಾವುದಾದರೂ ಸೈ, ಫೋಟೋ ತೆಗೆದು ವಿಡಿಯೋ ಮಾಡಿ ಕೊಡುತ್ತಾರೆ. ಊರಾಚೆ ಒಂದಿಷ್ಟು ತೆಂಗಿನ ತೋಟ, ತೋಟಕ್ಕೊಂದು ಬೋರ್‌ವೆಲ್. ನಾನು ಚಿತ್ರದುರ್ಗದಲ್ಲಿ ಹೈಸ್ಕೂಲು ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವ ಟೀಚರು. ಹಾಗಾಗಿ ಭಾವನ ಪಾಲಿಗೆ ನಾನು ನಾದಿನಿಯೂ ಹೌದು, ಕರೆದಾಗ ಬರಬೇಕಾದ ರಿಪೇರಿಯವಳೂ ಹೌದು. ಈ ಎರಡರಲ್ಲಿ ಯಾವುದಕ್ಕೂ ಸಂಬಳ ಇಲ್ಲ.

ಅವರ ಅನುಮಾನದ ಕಥೆ ಎಲ್ಲಿಂದ ಶುರು ಮಾಡಲಿ? ಅಕ್ಕನನ್ನು ನೋಡಲು ಬಂದ ದಿನ, ಫೋಟೋಗ್ರಾಫರ್ ಅಲ್ಲವೇ, ತಾವೇ ಅಕ್ಕನ ಒಂದು ಫೋಟೋ ತೆಗೆದುಕೊಂಡು ಹೋಗಿದ್ದರು. ಪಾಪ, ಹುಡುಗನಿಗೆ ಹುಡುಗಿ ಮೇಲೆ ಎಷ್ಟು ಆಸೆ ಅಂತ ನಮ್ಮಮ್ಮ ಕರಗಿ ನೀರಾಗಿದ್ದಳು. ಧಾರೆಯ ಹೊತ್ತಿಗೆ ಅಕ್ಕ ಬಾಸಿಂಗ ಕಟ್ಟಿಕೊಂಡು ಹಸೆಮಣೆಯ ಮೇಲೆ ಬಂದು ಕೂತಾಗ ಭಾವ ಜುಬ್ಬದ ಜೇಬಿನಿಂದ ಆ ಫೋಟೋ ತೆಗೆದು, ಒಮ್ಮೆ ಅದನ್ನು ನೋಡಿ, ಒಮ್ಮೆ ಅಕ್ಕನನ್ನು ನೋಡಿ, ತಲೆಯಾಡಿಸಿ ಮತ್ತೆ ಜೇಬಿಗಿಟ್ಟುಕೊಂಡರು. ತೋರಿಸಿದ್ದು ಒಬ್ಬಳನ್ನ, ಕೂರಿಸಿದ್ದು ಇನ್ನೊಬ್ಬಳನ್ನ ಆಗಿರಬಾರದಲ್ಲ! ಪುರೋಹಿತರು ಮಂತ್ರ ನಿಲ್ಲಿಸಿ ನೋಡುತ್ತಿದ್ದರು. "ಸರಿ ಐತೆ, ಮುಂದುವರಿಸ್ರಿ" ಅಂತ ಭಾವನೇ ಅಪ್ಪಣೆ ಕೊಟ್ಟರು.

ಬಸ್ಸು ಹತ್ತುವಾಗಲೂ ಇದೇ ಪಾಡು. ಕಂಡಕ್ಟರನ್ನು ಕೇಳುತ್ತಾರೆ, "ಹೊಳಲ್ಕೆರೆಗೆ ಹೋಗ್ತದೇನ್ರಿ?" ಹೌದು ಅಂದರೆ ಡ್ರೈವರನ್ನು ಕೇಳುತ್ತಾರೆ. ಅವನೂ ಹೌದು ಅಂದರೆ ಪಕ್ಕದ ಸೀಟಿನವರನ್ನು ಕೇಳುತ್ತಾರೆ. ಒಮ್ಮೆ ಕಂಡಕ್ಟರಿಗೆ ರೇಗಿತು. "ಅಣ್ಣಾ, ಮುಂದೆ ಅಷ್ಟು ದೊಡ್ಡ ಬೋರ್ಡ್ ಐತಲ್ಲ, ಕಾಣ್ಸಲಿಲ್ವಾ?"

"ಕಾಣ್ತು. ಬೋರ್ಡ್ ಬರೆದೋನು ಬಸ್ ಓಡಿಸ್ತಾನೇನಪ್ಪಾ?" ಅಂದರು ಭಾವ. ಕಂಡಕ್ಟರು ವಿಸಿಲ್ ಊದಿ ಹಿಂದಿನ ಬಾಗಿಲಿಗೆ ಹೋದ.

ಅನುಮಾನ ಅಂಟುರೋಗ ಬೇರೆ. ರಜೆಯಲ್ಲಿ ನಾಲ್ಕು ದಿನ ಅವರ ಮನೆಯಲ್ಲಿದ್ದು ಬಂದರೆ ನಾನೂ ಹಾಲಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಏನು ನೋಡುತ್ತಿದ್ದೇನೆ ಅಂತ ನನಗೇ ಗೊತ್ತಿರುವುದಿಲ್ಲ.

ಹೀಗೆ ನಗುತ್ತಾ ಕಾಲ ಹೋಗುತ್ತಿತ್ತು. ಆಮೇಲೆ ಹೊಳಲ್ಕೆರೆಯವರ ಮದುವೆ ಆಲ್ಬಮ್ ವಾಪಸ್ಸು ಬಂತು. ಅದನ್ನು ತಂದು ಮೇಜಿನ ಮೇಲೆ ಕುಕ್ಕಿದ್ದು ಮದುಮಗಳ ಸೋದರಮಾವ. "ನಮ್ ಹುಡ್ಗಿ ಕೆಂಪಗೆ ಲಕ್ಷಣವಾಗಿ ಅವ್ಳೆ. ನೀವು ನೋಡಿದ್ರೆ ಕೃಷ್ಣನ ಪಾರ್ಟು ಹಾಕ್ಸಿದೀರಲ್ರಿ" ಅಂದರಂತೆ. ಸುಳ್ಳಲ್ಲ. ನಾನೂ ನೋಡಿದೆ. ಮದುಮಗಳು ನೀಲಿ, ಮದುಮಗ ನೀಲಿ, ಪುರೋಹಿತರು ನೀಲಿ, ಎಲೆಯ ಮೇಲಿನ ಹೋಳಿಗೆಗೂ ಮೈಗೆ ಹುಷಾರಿಲ್ಲದ ಬಣ್ಣ ಬಂದಿತ್ತು. ಅದಾದ ಮೇಲೆ ಇನ್ನೂ ಒಂದು ನಾಮಕರಣದವರು ಅದೇ ಮಾತು ಹೇಳಿದರು. ಮಗು ಹುಟ್ಟಿದಾಗಿನಿಂದ ಅಷ್ಟು ನೀಲಿ ಇರಲೇ ಇಲ್ಲವಂತೆ.

ಸಣ್ಣ ಊರಿನಲ್ಲಿ ಇಂಥ ಮಾತಿಗೆ ಕಾಲು ಬರುವುದಿಲ್ಲ, ರೆಕ್ಕೆಯೇ ಬರುತ್ತದೆ. ಬುಕಿಂಗ್ ಕಡಿಮೆಯಾಯಿತು. ಕೈಯಲ್ಲಿ ಉಳಿದದ್ದು ಹಿರಿಯೂರಿನವರದೊಂದೇ ಮದುವೆ. ಶೂಟಿಂಗು ಮುಗಿದಿತ್ತು, ಬಣ್ಣ ತಿದ್ದಿ ವಿಡಿಯೋ ಕೊಡುವುದು ಬಾಕಿ ಇತ್ತು. ಮದುವೆಯ ವಿಡಿಯೋ ಸೀಮಂತದ ಹೊತ್ತಿಗೆ ಕೊಡುವುದು ನಮ್ಮ ಕಡೆಯ ಸಂಪ್ರದಾಯ ಅನ್ನಿ. ಭಾವ ಅಕ್ಕನ ಮುಂದೆ ಖಡಾಖಂಡಿತವಾಗಿ ಹೇಳಿಬಿಟ್ಟರು, "ಇದೂ ವಾಪಸ್ ಬಂದ್ರೆ ಶಟ್ರು ಎಳೀತೀನಿ. ಮತ್ತೆ ಕ್ಯಾಮ್ರ ಮುಟ್ಟಲ್ಲ."

ಅಕ್ಕ ಅವತ್ತೇ ನನಗೆ ಫೋನು ಮಾಡಿದಳು. "ಅವ್ರು ಸ್ಟುಡಿಯೋ ಮುಚ್ಚಿ ಮನೇಲಿ ಕುಂತ್ರೆ, ಹೊತ್ತು ಹೋಗ್ದೆ ಉಪ್ಪಿನ ಡಬ್ಬಿ ಮೇಲೂ ಅನುಮಾನ ಪಡ್ತಾರೆ ಕಣೇ. ಆಮೇಲೆ ನಾನೇ ಹೋಗಿ ಸ್ಟುಡಿಯೋ ತೆಗೀಬೇಕಾಗ್ತದೆ" ಅಂತ ನಗಿಸಿದಳು.  ಆಮೇಲೆ ಸಣ್ಣ ದನಿಯಲ್ಲಿ, "ಅದು ಬಿಟ್ರೆ ಅವರಿಗೆ ಬೇರೆ ಏನೂ ಗೊತ್ತಿಲ್ಲ, ಮಂಕಾಗಿಬಿಡ್ತಾರೆ" ಅಂದಳು.

ತಪ್ಪು ಯಾರದು? ಭಾವ ತನಿಖೆ ನಡೆಸಿದರು. ಮೊದಲು ಟ್ಯೂಬ್‌ಲೈಟ್ ಮೇಲೆ ಅನುಮಾನ, ಬದಲಾಯಿಸಿದರು. ಗೋಡೆಯ ಬಣ್ಣದ ಮೇಲೆ ಅನುಮಾನ, ಸುಣ್ಣ ಹೊಡೆಸಿದರು. ಪರದೆ ಬಟ್ಟೆ, ಮಾನಿಟರು, ಕೊನೆಗೆ ಕಂಪ್ಯೂಟರೇ ಕಳ್ಳ ಎಂದು ತೀರ್ಮಾನವಾಗಿ ಹೊಸದು ತರುವುದೆಂದಾಯಿತು.

ಬೇರೆಯವರಾದರೆ ಒಂದು ಅಂಗಡಿಗೆ ಹೋಗಿ ಒಂದು ಕಂಪ್ಯೂಟರ್ ತರುತ್ತಾರೆ. ಭಾವ ಹಾಗೆ ಮಾಡುತ್ತಾರೆಯೇ? "ಎಲ್ಲಾ ಒಂದೇ ಅಂಗಡೀಲಿ ತಗಂಡ್ರೆ ಅವ್ನು ಪೂರ್ತಿ ಮೋಸ ಮಾಡ್ತಾನೆ. ಬೇರೆ ಬೇರೆ ಕಡೆ ತಗಂಡ್ರೆ ಎಲ್ಲಾರೂ ಸೇರ್ಕಂಡು ಮೋಸ ಮಾಡಾಕೆ ಆಗಲ್ಲ" ಎಂಬುದು ಅವರ ಸಿದ್ಧಾಂತ. ಪೆಟ್ಟಿಗೆ ಚಿತ್ರದುರ್ಗದಿಂದ, ಫ್ಯಾನುಗಳು ದಾವಣಗೆರೆಯಿಂದ, ಮೆಮೊರಿ ಪಟ್ಟಿಗಳು ತುಮಕೂರಿನಿಂದ, ನೀರಿನ ಪಂಪು ಆನ್‌ಲೈನಿನಿಂದ, ಒಳಗೆ ಅಂಟಿಸುವ ಬೆಳಕಿನ ಪಟ್ಟಿ ಇನ್ನೆಲ್ಲಿಂದಲೋ. ಒಂದು ಕಂಪನಿಯ ಮಾಲಿಗೂ ಇನ್ನೊಂದರ ಮಾಲಿಗೂ ಮುಖ ಪರಿಚಯವೂ ಇಲ್ಲ.

ಕಂಪ್ಯೂಟರಿಗೆ ನೀರಿನ ಪಂಪು ಯಾಕೆ ಅಂತೀರಾ? ವಿಡಿಯೋ ಕೆಲಸ ಮಾಡಿದರೆ ಕಂಪ್ಯೂಟರ್ ಬಿಸಿಯಾಗುತ್ತದೆ. ಸಾಮಾನ್ಯದವಕ್ಕೆ ಫ್ಯಾನಿನ ಗಾಳಿ ಸಾಕು, ಹೆಚ್ಚು ದುಡಿಯುವವಕ್ಕೆ ಕೊಳವೆಯಲ್ಲಿ ನೀರು ಓಡಿಸಿ ತಣ್ಣಗಿಡುತ್ತಾರೆ, ಕಾರಿನ ರೇಡಿಯೇಟರ್ ಇದ್ದ ಹಾಗೆ. ಎರಡರಲ್ಲಿ ಯಾವುದಕ್ಕೆ ಹೊಂದುವ ಪೆಟ್ಟಿಗೆ ಬೇಕು ಅಂತ ಅಂಗಡಿಯವನು ಕೇಳಿದ್ದಕ್ಕೆ ಭಾವ, "ಗಾಳಿ ಕಣ್ಣಿಗೆ ಕಾಣಲ್ಲ, ನಂಬಾಕಾಗಲ್ಲ. ನೀರಿಂದು ಕೊಡ್ರಿ" ಅಂದರಂತೆ. ಪಂಪು ಬಂದ ಮೇಲೆ ನೋಡಿದರೆ ನೀರು ಓಡುವುದು ಕಪ್ಪು ರಬ್ಬರ್ ಕೊಳವೆಯೊಳಗೆ. ನೀರೂ ಕಣ್ಣಿಗೆ ಕಾಣಲಿಲ್ಲ!

ಜೋಡಿಸುವವರೊಬ್ಬರು ಬಂದು ಎಲ್ಲವನ್ನೂ ಜೋಡಿಸಿ, ಓಡುತ್ತದೆ ಅಂತ ತೋರಿಸಿ, ಭಾವನ ಪ್ರಶ್ನೆಗಳಿಂದ ತಪ್ಪಿಸಿಕೊಂಡು ಹೋದರು. ಮಾರನೆಯ ದಿನವೇ ನನಗೆ ಫೋನು.

"ಟೀಚರಮ್ಮಾ, ಕಂಪ್ಯೂಟ್ರಿಗೆ ಒಂದು ಫೇಸ್ ಹೋಗೈತೆ."

"ಕಂಪ್ಯೂಟರಿಗೆ ಫೇಸು ಎಲ್ಲಿಂದ ಬಂತು ಭಾವ?"

"ನಾನೂ ಅದನ್ನೇ ಕೇಳ್ತಿರೋದು. ಬಂದಿದ್ದಾದ್ರೂ ಮೂರೂ ನೆಟ್ಟಗೆ ಬರ್ಬೇಕಲ್ಲ? ಕೆಂಪು ಐತೆ, ನೀಲಿ ಐತೆ. ಹಳದಿ ಇಲ್ಲ. ಹಳದಿ ಜಾಗದಾಗೆ ಹಸಿರು ಬಂದು ಕುಂತೈತೆ. ಈ ಹಸಿರು ಯಾರದು?"

ಬೋರ್‌ವೆಲ್ ಇಲ್ಲದ ಊರಿನವರಿಗಾಗಿ ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ತೋಟದ ಮೋಟಾರಿನ ಸ್ಟಾರ್ಟರ್ ಡಬ್ಬದ ಮೇಲೆ ಮೂರು ಪುಟ್ಟ ದೀಪಗಳಿರುತ್ತವೆ. ಕೆಂಪು, ಹಳದಿ, ನೀಲಿ. ಕರೆಂಟಿನ ಒಂದೊಂದು ಫೇಸಿಗೆ ಒಂದೊಂದು ದೀಪ. ಮೂರೂ ಉರಿದರೆ ಮೋಟಾರು ಹಾಕಬಹುದು. ಒಂದು ಆರಿರುವಾಗ ಹಾಕಿದರೆ ಕಾಯಿಲ್ ಸುಟ್ಟು, ಮೋಟಾರು ಮೇಲೆತ್ತಿಸಿ, ಮನೆಮಂದಿಯೆಲ್ಲ ಗೋಳಾಡಬೇಕು. ಭಾವನ ತೋಟದಲ್ಲಿ ಹೀಗೇ ಆಗಿತ್ತು. ಹಳದಿ ದೀಪ ಆರಿದೆ ಅಂತ ಇವರು ಅಂದಾಗ ಯಾರೋ, "ಬಲ್ಬ್ ಹೋಗಿರ್ಬೇಕು ಬಿಡ್ರಿ, ಹಾಕ್ರಿ ಮೋಟ್ರು" ಅಂದಿದ್ದರು. ಹಾಕಿದರು. ಸುಟ್ಟಿತು. ಅವತ್ತಿನಿಂದ ಭಾವನಿಗೆ ಮನುಷ್ಯರ ಮಾತಿಗಿಂತ ಹಳದಿ ದೀಪ ದೊಡ್ಡದು.

ಈಗ ಪಂಪು ಇರುವ ಪೆಟ್ಟಿಗೆಯಲ್ಲಿ ಬಣ್ಣದ ದೀಪ ಕಂಡರೆ ಅವರು ಇನ್ನೇನೆಂದುಕೊಂಡಾರು? ಅಲಂಕಾರಕ್ಕೆ ಅಂತ ನಾನು ಹೇಳಿದೆ. "ಮೋಟ್ರಿಗೆ ಯಾರಾದ್ರೂ ಅಲಂಕಾರ ಮಾಡ್ತಾರೇನಮ್ಮಾ?" ಅಂದರು. ಅದೂ ನಿಜವೇ!

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಹೊಸದುರ್ಗಕ್ಕೆ ಹೋದೆ. ಅಕ್ಕ ಉಪ್ಪಿಟ್ಟು ಮಾಡಿ ಸ್ಟುಡಿಯೋಕ್ಕೇ ತಂದಿದ್ದಳು. ಭಾವ ಆಫ್ ಮಾಡಿಟ್ಟ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತಿದ್ದರು. ಠಾಣೆಯಲ್ಲಿ ಬಾಯಿ ಬಿಡದ ಕಳ್ಳನ ಮುಂದೆ ಇನ್ಸ್‌ಪೆಕ್ಟರು ಕೂತ ಹಾಗೆ.

"ಕುಂತ್ಕ. ಈಗ ನೋಡು ಇದರ ಆಟ" ಎಂದು ಸ್ವಿಚ್ ಹಾಕಿದರು.

ಅಬ್ಬಾ! ಗಾಜಿನ ಬಾಗಿಲಿನೊಳಗೆ ಮುಂದಿನ ಫ್ಯಾನುಗಳು ಕಾಮನಬಿಲ್ಲಿನ ಹಾಗೆ ತಿರುಗಿದವು. ಮೆಮೊರಿ ಪಟ್ಟಿಗಳಲ್ಲಿ ಕೆಂಪು ಮೇಲಿಂದ ಕೆಳಗೆ ಜಾರುತ್ತಿತ್ತು. ಪಂಪಿನ ಮುಚ್ಚಳ ನೀಲಿಯಾಗಿ ಹಸಿರಾಗಿ ಮಿಣಕ್ ಮಿಣಕ್ ಅನ್ನುತ್ತಿತ್ತು. ಅಂಟಿಸಿದ ಪಟ್ಟಿಯೊಂದು ಮಾತ್ರ ಯಾರ ಗೊಡವೆಯೂ ಬೇಡವೆಂದು ನೇರಳೆ ಬಣ್ಣದಲ್ಲಿ ಕೂತಿತ್ತು. ಒಂದಕ್ಕೊಂದು ತಾಳ ಇಲ್ಲ, ಮೇಳ ಇಲ್ಲ. ಆ ಬೆಳಕೆಲ್ಲ ಹೊಸ ಸುಣ್ಣದ ಗೋಡೆಗೆ ಬಡಿದು ಮಾನಿಟರಿನ ಮೇಲೂ ಚೆಲ್ಲುತ್ತಿತ್ತು.

"ಈ ಬೆಳಕಿನಾಗೆ ನಾನು ಮದುಮಗಳ ಮುಖದ ಬಣ್ಣ ಹೆಂಗೆ ತಿದ್ದಲಿ? ಒಂದ್ ಗಳಿಗೆ ಕೆಂಪು, ಒಂದ್ ಗಳಿಗೆ ಹಸಿರು. ಹಿರಿಯೂರೋರ ಕೈಲಿ ಉಗಿಸ್ಕಳಾಕೆ ಯಾರೋ ಬೇಕಂತ್ಲೇ ಮಾಡ್ದಂಗೈತೆ."

ಈ ಮಾತಿನಲ್ಲಿ ಅರ್ಥವಿತ್ತು. ಬಣ್ಣ ತಿದ್ದುವವರ ಸುತ್ತ ಬಣ್ಣದ ಬೆಳಕು ಇರಬಾರದು. "ದೀಪದ ವೈರು ಕಿತ್ತುಬಿಡೋಣ ಭಾವ, ಗಲಾಟೆಯೇ ಬೇಡ" ಅಂದೆ.

ಭಾವ ನನ್ನನ್ನು ಕೊಲೆಗಾರ್ತಿಯನ್ನು ನೋಡುವ ಹಾಗೆ ನೋಡಿದರು. "ದೀಪ ಆರಿದ್ರೆ ಪಂಪು ಓಡ್ತೈತೋ ಇಲ್ವೋ ಅಂತ ಹೆಂಗ್ ಗೊತ್ತಾಗ್ತದೆ? ಒಳಗೆ ಸುಟ್ಟು ಹೋದ್ರೆ ಹಿರಿಯೂರಿನ ಮದುವೆ ಪೂರ್ತಿ ಅದ್ರಾಗೇ ಐತೆ."

ಪಂಪಿಗೂ ದೀಪಕ್ಕೂ ಸಂಬಂಧ ಇಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಉದ್ದನೆಯ ಸ್ಕ್ರೂಡ್ರೈವರ್ ತಂದು, ತುದಿಯನ್ನು ಪಂಪಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೂತರು. ಮೆಕ್ಯಾನಿಕ್ಕುಗಳು ಮೋಟಾರಿನ ಸದ್ದು ಕೇಳುವುದು ಹೀಗೆಯೇ. ಬಹಳ ಹೊತ್ತಿನ ಮೇಲೆ, "ನೀರು ಹೋಗ್ತಾ ಐತೆ. ಆದ್ರೆ ಎಲ್ಲಿಗೆ ಹೋಗ್ತೈತೆ?" ಅಂದರು.

"ಅಲ್ಲೇ ಸುತ್ತುತ್ತೆ ಭಾವ. ಅದೇ ನೀರು ವಾಪಸ್ ಬರುತ್ತೆ."

"ಖರ್ಚಾಗದ ನೀರು ನಮ್ ಜಿಲ್ಲೇಲಿ ಐತಾ?" ಅಂದರು. ಅಕ್ಕ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು, "ಇದು ಖರ್ಚಾಗ್ತದೆ, ತಿನ್ರಿ" ಅಂದಳು.

ಸರಿ, ದೀಪ ಆರಿಸುವಂತಿಲ್ಲ. ಎಲ್ಲವನ್ನೂ ಅಚ್ಚ ಬಿಳಿಗೆ ತಂದು ನಿಲ್ಲಿಸುವುದು ಅಂತ ಒಪ್ಪಂದವಾಯಿತು. ಸುಲಭ ಅಂದುಕೊಂಡೆ. ಫ್ಯಾನಿನ ಕಂಪನಿಯದೊಂದು ಸಾಫ್ಟ್‌ವೇರ್, ಮೆಮೊರಿಯದು ಇನ್ನೊಂದು, ಪಂಪಿನದು ಮತ್ತೊಂದು. ಮೊದಲನೆಯದು ಹಾಕುತ್ತಿದ್ದ ಹಾಗೆ ಹೆಸರು ಕೇಳಿತು, ಇಮೇಲ್ ಕೇಳಿತು, ಹುಟ್ಟಿದ ತಾರೀಕು ಕೇಳಿತು.

ಭಾವ ನನ್ನ ಕೈ ಹಿಡಿದು ನಿಲ್ಲಿಸಿದರು. "ದೀಪ ಹಚ್ಚಾಕೆ ನನ್ನ ಹುಟ್ಟಿದ ತಾರೀಕು ಯಾಕೆ?"

ನಾನು ಇಷ್ಟು ವರ್ಷದಿಂದ ಕಂಪ್ಯೂಟರ್ ಪಾಠ ಮಾಡುತ್ತಿದ್ದೇನೆ. ಒಂದು ಮಗುವೂ ಈ ಪ್ರಶ್ನೆ ಕೇಳಿಲ್ಲ. "ಎಲ್ಲರನ್ನೂ ಕೇಳುತ್ತೆ ಭಾವ, ಏನಾದರೂ ಒಂದು ಕೊಡಬೇಕು" ಅಂದೆ. ಭಾವ ಸ್ವಲ್ಪ ಯೋಚಿಸಿ, "ಹಂಗಾದ್ರೆ ಎದುರಿನ ಸ್ಟುಡಿಯೋದೋನ ತಾರೀಕು ಕೊಡು. ಏನಾದ್ರೂ ಆದ್ರೆ ಅವ್ನಿಗೆ ಆಗ್ಲಿ" ಅಂದರು.

ಅಷ್ಟೆಲ್ಲ ಮಾಡಿ ಫ್ಯಾನುಗಳನ್ನು ಬಿಳಿ ಮಾಡಿದೆ. ಮೆಮೊರಿಯ ಸಾಫ್ಟ್‌ವೇರ್ ತೆರೆದದ್ದೇ ತಡ, ಫ್ಯಾನುಗಳು ಮತ್ತೆ ಕಾಮನಬಿಲ್ಲು. ಅದನ್ನು ಸರಿಪಡಿಸಿ ಪಂಪಿಗೆ ಹೋದರೆ ಮೆಮೊರಿ ಮತ್ತೆ ಕೆಂಪು. ಒಂದೇ ಒಲೆಗೆ ಮೂವರು ಸೊಸೆಯರು ಬಂದ ಹಾಗಾಯಿತು. ಒಬ್ಬಳು ಹಚ್ಚಿದರೆ ಇನ್ನೊಬ್ಬಳು ಆರಿಸುತ್ತಾಳೆ. ನನಗೆ ಅಳು ಬರುವುದೊಂದು ಬಾಕಿ. ಭಾವನಿಗೆ ಮಾತ್ರ ಪರಮಾನಂದ!

"ನೋಡಿದ್ಯಾ? ನಾನು ಹೇಳಿದ್ರೆ ನಗ್ತಿದ್ರಿ. ಒಳಗೊಳಗೇ ಏನೋ ನಡೀತೈತೆ."

ಇನ್ನು ಆ ನೇರಳೆ ಪಟ್ಟಿ. ಅದರದು ನಾಲ್ಕು ಪಿನ್ನಿನ ಪ್ಲಗ್ಗು, ಉಳಿದವಕ್ಕೆ ಮೂರು. ಭಾವ ಎರಡನ್ನೂ ಕೈಯಲ್ಲಿ ಹಿಡಿದು, "ಇದು ತ್ರೀ ಫೇಸು. ಇದ್ರಾಗೆ ನಾಲ್ಕನೇದು ನ್ಯೂಟ್ರಲ್ಲು" ಎಂದು ಪಾಠ ಹೇಳಿ, ಒಂದನ್ನು ಇನ್ನೊಂದರ ಜಾಗಕ್ಕೆ ಸಿಕ್ಕಿಸಲು ಹೊರಟರು. ನಾನು ಹಾರಿ ಹಿಡಿದುಕೊಂಡೆ. "ಭಾವ, ಎರಡರ ವೋಲ್ಟೇಜು ಬೇರೆ. ಇದನ್ನು ಅಲ್ಲಿಗೆ ಹಾಕಿದರೆ ದೀಪ ಸುಟ್ಟುಹೋಗುತ್ತೆ. ಹೊಂದಿಕೊಂಡ ಹಾಗೆ ಕಾಣುತ್ತೆ ಅಂತ ನಂಬಬಾರದು."

ಭಾವ ಮೊದಲ ಬಾರಿಗೆ ನನ್ನನ್ನು ಗೌರವದಿಂದ ನೋಡಿದರು. "ನಿನಗೂ ಬುದ್ಧಿ ಬರ್ತಾ ಐತೆ" ಅಂದರು.

ಕೊನೆಗೆ ನನಗೆ ಇನ್ನೊಂದು ದಾರಿ ಹೊಳೆಯಿತು. ಎಲ್ಲ ಕಂಪನಿಯ ದೀಪಗಳನ್ನೂ ಒಂದೇ ಕಡೆಯಿಂದ ಹಿಡಿತಕ್ಕೆ ತರುವ ಸಾಫ್ಟ್‌ವೇರೊಂದಿದೆ, ಹೆಸರು ಕೇಳುವುದಿಲ್ಲ, ಹಣವೂ ಕೇಳುವುದಿಲ್ಲ. ಪುಕ್ಕಟೆ ಅಂದ ಕೂಡಲೇ ಭಾವನ ಹುಬ್ಬು ಹಣೆಯ ಮೇಲಕ್ಕೆ ಹೋಯಿತು.

"ಪುಕ್ಕಟೆ ಕೊಡೋನು ಯಾಕೆ ಕೊಡ್ತಾನೆ?"

"ಅದನ್ನು ಬರೆದವರೂ ನಿಮ್ಮ ಹಾಗೇ ಭಾವ. ಹತ್ತು ಕಡೆಯಿಂದ ಹತ್ತು ಸಾಮಾನು ತಂದು, ಯಾವುದೂ ಮಾತು ಕೇಳದೆ, ಈ ಕಂಪನಿಗಳನ್ನ ನಂಬೋದೇ ಬೇಡ ಅಂತ ಸಿಟ್ಟು ಬಂದು ಅವರೇ ಕೂತು ಬರೆದುಕೊಂಡಿದ್ದಾರೆ."

"ಹಂಗಾದ್ರೆ ನಮ್ಮೋರೇ. ಹಾಕು" ಅಂದರು.

ಹಾಕಿದೆ. ಹಳೆಯ ಮೂರನ್ನೂ ಕಿತ್ತೆಸೆದೆ. ಫ್ಯಾನು, ಮೆಮೊರಿ, ಪಂಪು, ಪಟ್ಟಿ, ಎಲ್ಲವೂ ಪರದೆಯ ಮೇಲೆ ಸಾಲಾಗಿ ಬಂದು ನಿಂತವು. ಬಿಳಿ ಒತ್ತಿದೆ. ಇಡೀ ಪೆಟ್ಟಿಗೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ನಾನೂ ಅಕ್ಕನೂ "ಆಹಾ" ಅಂದೆವು.

ಭಾವ ಮುಂದೆ ಬಾಗಿ ನೋಡಿದರು. "ಬಿಳಿ ಎಲ್ಲೈತೆ? ಇದು ಹಳದಿ."

"ಬಿಳಿ ಭಾವ."

"ಬಿಳೀನೇ ರೀ" ಅಂದಳು ಅಕ್ಕ.

"ಅಕ್ಕ ತಂಗಿ ಸೇರ್ಕಂಡು ಆಟ ಆಡ್ತಿದೀರಾ?" ಎಂದವರೇ ಎದ್ದು ಹೋಗಿ, ಮುಂದಿನ ಮೂಲೆಯಲ್ಲಿ ಹೂವು ಮಾರುವ ಅಜ್ಜಿಯನ್ನು ಸಾಕ್ಷಿಗೆ ಕರೆತಂದರು. ಆಯಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಪೆಟ್ಟಿಗೆ ನೋಡಿ, "ಮಲ್ಲಿಗೆ ಹೂವಿನಂಗೆ ಬೆಳ್ಳಗೈತಲ್ಲಪ್ಪಾ" ಅಂದಿತು. ಭಾವ ಒಪ್ಪುತ್ತಾರೆಯೇ? ನಾನು ಅಜ್ಜಿಗೆ ಕಣ್ಸನ್ನೆ ಮಾಡಿದೆನಂತೆ. ನನಗೆ ರೇಗಿಹೋಯಿತು. ಇಡೀ ಭಾನುವಾರ ಹಾಳು ಮಾಡಿಕೊಂಡು ಬಂದವಳ ಮೇಲೆ ಅನುಮಾನವೇ? "ಭಾವ, ನಿಮಗೆ ಸೂರ್ಯ ಹುಟ್ಟಿದರೂ ಯಾರ ಕೈವಾಡ ಅಂತ ಅನುಮಾನ" ಅಂದುಬಿಟ್ಟೆ.

ಅವರು ಕ್ಯಾಮರಾದಲ್ಲಿ ನೋಡುವವರ ಹಾಗೆ ಎಡಗಣ್ಣು ಮುಚ್ಚಿ, ಬಲಗಣ್ಣಿನಲ್ಲಿ ದಿಟ್ಟಿಸಿದರು. ಜೀವಮಾನವೆಲ್ಲ ಅವರು ಲೋಕ ನೋಡಿದ್ದು ಆ ಬಲಗಣ್ಣಿನಲ್ಲೇ. "ಹಳದಿ. ಅರಿಶಿನ ಕಲಸ್ದಂಗೈತೆ" ಅಂದರು. ಬೇಸಿಗೆಯ ಸೆಕೆ, ಹಣೆಯ ಬೆವರು ಆ ಕಣ್ಣಿಗೇ ಇಳಿಯಿತು. ಕನ್ನಡಕ ಹಣೆಗೇರಿಸಿ, ಟವೆಲ್ಲಿನಿಂದ ಬಲಗಣ್ಣನ್ನು ಒತ್ತಿಕೊಂಡು ಎಡಗಣ್ಣು ತೆರೆದರು.

ಹಾಗೇ ನಿಂತುಬಿಟ್ಟರು.

ಟವೆಲ್ಲು ತೆಗೆದು ಬಲಗಣ್ಣಿನಲ್ಲಿ ನೋಡಿದರು. ಮುಚ್ಚಿ, ಎಡಗಣ್ಣಿನಲ್ಲಿ ನೋಡಿದರು. ಮತ್ತೆ ಬಲ, ಮತ್ತೆ ಎಡ. ನಮಗೆ ಏನಾಗುತ್ತಿದೆ ಅಂತ ಅರ್ಥವಾಗುವ ಮೊದಲೇ ಅವರು ನಿಧಾನಕ್ಕೆ ಕುರ್ಚಿಯ ಮೇಲೆ ಕೂತರು.

"ಎಡಗಣ್ಣಿಗೆ ಬಿಳೀನೇ ಐತೆ. ಪೆಟ್ಟಿಗೇದು ತಪ್ಪಿಲ್ಲ. ನನ್ನ ಕಣ್ಣೇ ಹೋಗೈತೆ" ಅಂದರು.

 ಆಗ ತಾನೇ ಸೂರ್ಯನ ಮಾತಾಡಿದ್ದ ನಾನು ಹೋಗಿ ಒಂದು ಲೋಟ ನೀರು ತಂದೆ. ಅಕ್ಕ ಅವರ ಕೈಯಿಂದ ಟವೆಲ್ಲು ತೆಗೆದುಕೊಂಡು ಕತ್ತಿನ ಬೆವರು ಒರೆಸಿದಳು.

ಮರುದಿನ ಚಿತ್ರದುರ್ಗದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಪೊರೆ. ಬಲಗಣ್ಣಿನದು ಚೆನ್ನಾಗಿ ಬಲಿತಿದೆ, ಎಡಗಣ್ಣಿಗೂ ಶುರುವಾಗುತ್ತಿದೆ, ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಅಂದರು. ಪೊರೆ ಬಂದ ಕಣ್ಣಿಗೆ ಎಲ್ಲವೂ ಹಳದಿ ಕಾಣುತ್ತದಂತೆ. ಆ ಹಳದಿಯನ್ನು ತೆಗೆಯಲು ಹೋಗಿ ಭಾವ ತಮಗೇ ತಿಳಿಯದೆ ಹೊಳಲ್ಕೆರೆಯ ಮದುಮಗಳ ಮೇಲೆ ನೀಲಿ ಸುರಿದಿದ್ದರು.

ಡಾಕ್ಟರು ಇಷ್ಟು ಹೇಳಿದರೂ ಭಾವ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಮೆಷಿನ್ನು ಸರಿ ಇದೆಯಾ ಅನ್ನಲಿಲ್ಲ. ಇನ್ನೊಬ್ಬರಿಗೆ ತೋರಿಸೋಣ ಅನ್ನಲಿಲ್ಲ. ಚೀಟಿ ಜೇಬಿಗಿಟ್ಟುಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಅಕ್ಕ ಪಕ್ಕದಲ್ಲಿ ಕೂತು ಅವರ ತೋಳು ಅಲುಗಿಸಿದಳು.

"ರೀ, ಏನಾದ್ರೂ ಅನುಮಾನ ಪಡ್ರಿ. ನಂಗೆ ಹೆದ್ರಿಕೆ ಆಗ್ತೈತೆ."

"ಯಾರ ಮೇಲೆ ಪಡ್ಲಿ?" ಅಂದರು ಭಾವ.

ಆಪರೇಷನ್ನಿಗೆ ಕೊಟ್ಟ ದಿನಕ್ಕಿಂತ ಮೊದಲೇ ಹಿರಿಯೂರಿನ ಹುಡುಗಿಯ ಸೀಮಂತ ಇತ್ತು. ವಾಪಸ್ಸು ಹೋಗುವಾಗ ನಡೆದದ್ದನ್ನು ಅಕ್ಕ ಆಮೇಲೆ ನನಗೆ ಹೇಳಿದಳು. ಬಸ್ಸಿನಲ್ಲಿ ಭಾವ, "ಅವರಿಗೆ ಫೋನ್ ಮಾಡಿ, ಬೇರೆಯೋರ ಕೈಲಿ ಮಾಡಿಸ್ಕಳ್ರಿ ಅಂತೀನಿ. ಶಟ್ರು ಎಳೆದುಬಿಡಾಣ" ಅಂದರು.  ಊರಲ್ಲಿ ಬಸ್ಸಿಳಿದ ಅಕ್ಕ ಮನೆಯ ಕಡೆ ತಿರುಗಲಿಲ್ಲ, ಸೀದಾ ಸ್ಟುಡಿಯೋಕ್ಕೆ ನಡೆದು, ಗಿರಾಕಿಗಳ ಕುರ್ಚಿ ಎಳೆದು ಕಂಪ್ಯೂಟರಿನ ಮುಂದೆ ಹಾಕಿಕೊಂಡಳು.

"ಬಣ್ಣ ನಾ ಹೇಳ್ತೀನಿ. ನೀವು ಮೌಸ್ ಆಡ್ಸ್ರಿ."

"ನಿನಗೇನ್ ಗೊತ್ತಾಗ್ತದೆ?"

"ಸೀರೆ ಅಂಗಡೀಲಿ ನೀವು ಹೊರಗೆ ನಿಂತ್ಕಂಡಿರ್ತಿದ್ರಲ್ಲ, ಆವಾಗ ಒಳಗೆ ನಾನೇನ್ ಮಾಡ್ತಿದ್ದೆ? ಹಾಕ್ರಿ ವಿಡಿಯೋ."

ಮುಂದಿನ ಭಾನುವಾರ ನಾನು ಹೋದಾಗ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ಪೆಟ್ಟಿಗೆಯ ದೀಪಗಳೆಲ್ಲ ಬೆಳ್ಳಗೆ, ಸುಮ್ಮನೆ ಉರಿಯುತ್ತಿದ್ದವು. ಪರದೆಯ ಮೇಲೆ ಧಾರೆಯ ದೃಶ್ಯ. ಭಾವ ಕೇಳುತ್ತಿದ್ದರು, "ಈಗ ಹೆಂಗೈತೆ?"

"ಸೆರಗು ಈರುಳ್ಳಿ ಸಿಪ್ಪೆ ಬಣ್ಣ ಇರ್ಬೇಕು, ಇನ್ನೂ ಬದನೆಕಾಯಿ ಥರ ಐತೆ. ನೀಲಿ ಇಳಿಸ್ರಿ. ಇನ್ನೊಂಚೂರು. ಸಾಕು, ಸಾಕು. ಕೆನ್ನೆ ಮೇಲಿನ ಅರಿಶಿನ ಹೋತು, ವಾಪಸ್ ತನ್ನಿ."

ಭಾವ ಮೌಸ್ ಆಡಿಸುತ್ತಿದ್ದರು. ಒಂದೊಂದು ಸಲ ಅಕ್ಕ ಸಾಕು ಅಂದಾಗಲೂ ನಾನು ಕಾದೆ. ಈಗ ಅಂತಾರೆ, ಖಾತ್ರಿನಾ ಅಂತ. ಈಗ ಎದ್ದು ಹೋಗಿ ಹೂವಿನ ಅಜ್ಜಿಯನ್ನು ಕರೀತಾರೆ. ಬಾಗಿಲಿನಲ್ಲಿ ನಿಂತು ಕಾದೇ ಕಾದೆ. ಭಾವ ಅವಳ ಮುಖವನ್ನೂ ನೋಡಲಿಲ್ಲ. ಸಾಕು ಅಂದಲ್ಲಿ ಕೈ ನಿಲ್ಲಿಸಿದರು, ಉಳಿಸಿದರು, ಮುಂದಿನದಕ್ಕೆ ಹೋದರು.  ಕಾಫಿ ತರುತ್ತೇನೆ ಅಂತ ಹೊರಗೆ ಹೋಗಿ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತುಬಂದೆ.

ಸೀಮಂತದ ಹಿಂದಿನ ವಾರ ಹಿರಿಯೂರಿನ ಹುಡುಗಿಯ ತಾಯಿ ಬಂದರು. ಹೊಳಲ್ಕೆರೆಯ ಸುದ್ದಿ ಅವರಿಗೂ ಮುಟ್ಟಿತ್ತು ಅಂತ ಕಾಣುತ್ತದೆ, ಕುರ್ಚಿಯ ತುದಿಯಲ್ಲಿ ಕೂತು, "ಮೊದ್ಲು ನೋಡಿ ಆಮೇಲೆ ತಗಂತೀನಿ" ಅಂದರು. ಭಾವ ವಿಡಿಯೋ ಹಾಕಿ ಗೋಡೆಯ ಕಡೆ ಹೋಗಿ ನಿಂತರು. ಅಕ್ಕನ ಕೈ ನನ್ನ ಕೈಯಲ್ಲಿತ್ತು. ಆಯಮ್ಮ ನೋಡುತ್ತಾ ನೋಡುತ್ತಾ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತರು. ಧಾರೆ ಬಂದಾಗ, "ಇದೇ ಕಣ್ರಿ ಆ ಸೀರೆ. ಇದೇ ಬಣ್ಣ ಬೇಕು ಅಂತ ಎಷ್ಟು ಅಂಗ್ಡಿ ಸುತ್ತಿದ್ವಿ" ಅಂತ ಕಣ್ಣೊರೆಸಿಕೊಂಡರು. ಹೋಗುವಾಗ, "ಚಿಕ್ಕೋಳ ಮದುವೆಗೂ ನೀವೇ ಬರ್ಬೇಕು" ಅಂದರು.

"ನಂದೇನಿಲ್ಲಮ್ಮಾ. ನಾನು ಕೈ ಆಡ್ಸಿದ್ದು, ಕಣ್ಣು ಇವಳದು" ಎಂದು ಭಾವ ಅಕ್ಕನನ್ನು ತೋರಿಸಿದರು. ಅಕ್ಕ ಸುಮ್ಮನೆ ಮೇಜಿನ ಧೂಳು ಒರೆಸತೊಡಗಿದಳು.

ಆಪರೇಷನ್ ದಿನ ಹಸಿರು ಗೌನು ಹಾಕಿಸಿಕೊಂಡು ಭಾವ ಬಾಗಿಲ ಬಳಿ ನಿಂತಿದ್ದರು. ನನಗೆ ಕೇಳದೆ ಇರಲಾಗಲಿಲ್ಲ. "ಅಂತೂ ಡಾಕ್ಟರನ್ನ ನಂಬಿದಿರಲ್ಲ ಭಾವ."

"ಡಾಕ್ಟ್ರನ್ನ ನಾನ್ಯಾಕಮ್ಮಾ ನಂಬ್ಲಿ? ನಿಮ್ಮಕ್ಕ ಹೊರಗೆ ಕುಂತಿರ್ತಾಳಲ್ಲ."

ಕನ್ನಡಕ ತೆಗೆದರು. ಅಕ್ಕ ಎಲ್ಲಿದ್ದಾಳೆ ಅಂತ ನೋಡಲೂ ಇಲ್ಲ, ಕೈಯನ್ನು ಹಿಂದಕ್ಕೆ ಚಾಚಿದರು. ಅಕ್ಕ ಅಲ್ಲೇ ಇದ್ದಳು, ಇಸಿದುಕೊಂಡಳು. ಭಾವ ಒಳಗೆ ಹೋದರು.